ಚಕ್ರದ ಗುರುತು ಎಲ್ಲಿ ಹೋಯಿತು? ಎರಡು ಪಕ್ಷಗಳ ನಾಡು, ಹಲವು ಪಕ್ಷಗಳ ನಾಡು

(ಮಹಿಳಾ ವೇದಿಕೆಯ ಮಾರ್ಚ್ 2025ರ ಸಭೆಯಲ್ಲಿ, ವಸ್ತ್ರಾಪುರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವಿಷಯ ನಾನು ಆರಿಸಿಕೊಂಡದ್ದಲ್ಲ. ಹಿಂದಿನ ಸಭೆಯಲ್ಲಿ ಊಟದ ಸಾಲಿನಲ್ಲಿ ನಿಂತಾಗ ಅಮೆರಿಕದ ಚುನಾವಣೆಯ ಮಾತು ಬಂತು. ನ್ಯೂಜೆರ್ಸಿಯಲ್ಲಿ ಮಗ ಇರುವ ಒಬ್ಬರು, "ಅಲ್ಲಿ ಎಷ್ಟು ಸಲೀಸು ನೋಡಿ, ಎರಡೇ ಪಕ್ಷ. ಇವರು ಬೇಡವಾದರೆ ಅವರು" ಅಂದರು. ನನ್ನ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ನಾನು ಸುಮ್ಮನಿರಲಾರದೆ, "ನಮ್ಮ ಮಗಳ ಊರಲ್ಲಿ ಆರೇಳು ಪಕ್ಷ, ಅಲ್ಲೇನು ಆಡಳಿತ ನಿಂತುಹೋಗಿದೆಯೇ?" ಅಂದೆ. ಮಾತು ಬೆಳೆದು ಬಿಸಿಬೇಳೆಭಾತ್ ಆರಿಹೋಯಿತು. ಅಧ್ಯಕ್ಷೆಯವರು, "ನೀವು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವರಲ್ಲವಾ, ಮುಂದಿನ ಸಲ ಸರಿಯಾಗಿ ಮಾತಾಡಿಬಿಡಿ" ಎಂದು ನನ್ನ ತಲೆಗೆ ಕಟ್ಟಿದರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಕ್ಷಗಳ ಹೆಸರು, ನಾಯಕರ ಹೆಸರು ಬರುತ್ತವೆ, ಬರದೇ ವಿಧಿಯಿಲ್ಲ. ಯಾರ ಪರ ಪ್ರಚಾರಕ್ಕೂ ನಾನು ಬಂದಿಲ್ಲ.

ಅಮೆರಿಕಕ್ಕೆ ಹೋಗುವ ಮೊದಲು ನನ್ನ ಊರಿನಿಂದ ಶುರು ಮಾಡುತ್ತೇನೆ. ನಾನು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಕಡೆಯವಳು. ನಮ್ಮಪ್ಪ ಚಕ್ರದವರು. ಅಂದರೆ ಜನತಾದಳದವರು, ಚಕ್ರ ಆಗ ಆ ಪಕ್ಷದ ಗುರುತು. 1994ರ ಕೊನೆಗೆ ಕರ್ನಾಟಕದಲ್ಲಿ ವಿಧಾನಸಭೆ ಚುನಾವಣೆ ನಡೆಯಿತು. ಅಪ್ಪನ ಜೊತೆ ಹೋಗಿ ಚಕ್ರಕ್ಕೆ ಮುದ್ರೆ ಒತ್ತಿ ಬಂದೆ. ಜನತಾದಳಕ್ಕೆ 115 ಸ್ಥಾನ ಬಂದು ದೇವೇಗೌಡರು ಮುಖ್ಯಮಂತ್ರಿಯಾದರು. ಅದೇ ತಿಂಗಳು ನನ್ನ ಮದುವೆ. ಮದುವೆಯಾಗಿ ಅಹಮದಾಬಾದಿಗೆ ಬಂದೆ. ಬಂದು ಎರಡು ತಿಂಗಳಿಗೆ, 1995ರ ಫೆಬ್ರವರಿಯಲ್ಲಿ, ಇಲ್ಲಿಯೂ ವಿಧಾನಸಭೆ ಚುನಾವಣೆ! ನನ್ನ ಹೆಸರು ಇಲ್ಲಿನ ಪಟ್ಟಿಗೆ ಇನ್ನೂ ಸೇರಿರಲಿಲ್ಲ. ಆದರೂ ಪಕ್ಕದ ಮನೆಯ ಬೆನ್ ಅವರನ್ನು ನನಗೆ ಬಂದಷ್ಟು ಹಿಂದಿಯಲ್ಲಿ ಕೇಳಿದೆ, "ಚಕ್ರದವರು ಎಲ್ಲಿ?" ಅವರು ನಕ್ಕರು. "ಆ ಅಂಗಡಿ ಮುಚ್ಚಿಹೋಯಿತು" ಅಂದರು.

ಅವರು ಹೇಳಿದ್ದು ನಿಜವೇ. 1990ರಲ್ಲಿ ಗುಜರಾತಿನಲ್ಲಿ ಎಲ್ಲರಿಗಿಂತ ಹೆಚ್ಚು ಸ್ಥಾನ ಗೆದ್ದದ್ದು ಜನತಾದಳ, 70. ಬಿಜೆಪಿ 67, ಕಾಂಗ್ರೆಸ್ 33. ಚಿಮನ್‌ಭಾಯಿ ಪಟೇಲರು ಬಿಜೆಪಿ ಜೊತೆ ಸೇರಿ ಸರ್ಕಾರ ಮಾಡಿದರು. ವರ್ಷ ತುಂಬುವ ಮೊದಲೇ ಆ ಸ್ನೇಹ ಮುರಿಯಿತು, ಕಾಂಗ್ರೆಸ್ಸಿನ ಬೆಂಬಲ ಪಡೆದರು, ಮುಂದೆ ತಮ್ಮ ಗುಂಪನ್ನು ಕಾಂಗ್ರೆಸ್ಸಿನಲ್ಲೇ ವಿಲೀನ ಮಾಡಿದರು. 1995ರಲ್ಲಿ ಬಿಜೆಪಿ 121, ಕಾಂಗ್ರೆಸ್ 45, ಪಕ್ಷೇತರರು 16. ಒಟ್ಟು 182 ಭರ್ತಿಯಾಯಿತು. ಚಕ್ರಕ್ಕೆ ಸೊನ್ನೆ. ಐದೇ ವರ್ಷದಲ್ಲಿ ಎಪ್ಪತ್ತರಿಂದ ಸೊನ್ನೆಗೆ!

ಒಂದೇ ದೇಶ, ಒಂದೇ ಸಂವಿಧಾನ, ಒಂದೇ ರೀತಿಯ ಮತಪತ್ರ. ಹಾಗಿದ್ದೂ ಕರ್ನಾಟಕ ಮೂರು ಪಕ್ಷಗಳ ರಾಜ್ಯವಾಗಿ ಉಳಿಯಿತು, ಗುಜರಾತು ಎರಡು ಪಕ್ಷಗಳ ರಾಜ್ಯವಾಯಿತು. "ಗುಜರಾತಿಗಳು ವ್ಯಾಪಾರಸ್ಥರು, ಲೆಕ್ಕ ಚುಕ್ತಾ ಮಾಡುವವರು, ನಾವು ಕನ್ನಡಿಗರು ಅತ್ತಲೂ ಇಲ್ಲ ಇತ್ತಲೂ ಇಲ್ಲ" ಎಂದು ತಮಾಷೆಗೆ ಹೇಳುವುದುಂಟು. ನನಗೆ ಆ ವಿವರಣೆ ಒಪ್ಪಿಗೆಯಿಲ್ಲ. ಕಾರಣ ಮತ ಎಣಿಸುವ ಲೆಕ್ಕದಲ್ಲಿದೆ.

ಮೂರು ಚುನಾವಣೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 1992ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ರಾಸ್ ಪೆರೋ ಎಂಬ ಉದ್ಯಮಿ ಎರಡೂ ಪಕ್ಷ ಬಿಟ್ಟು ಸ್ವತಂತ್ರವಾಗಿ ನಿಂತರು. ಶೇ. 18.9ರಷ್ಟು ಮತ ಬಂತು, ಅಂದರೆ ಸುಮಾರು 2 ಕೋಟಿ ಜನರ ಮತ. ಅಲ್ಲಿ ಅಧ್ಯಕ್ಷರನ್ನು ಆರಿಸುವುದು 538 ಪ್ರತಿನಿಧಿ ಮತಗಳ ಲೆಕ್ಕದಲ್ಲಿ. ಅದರಲ್ಲಿ ಪೆರೋಗೆ ಸಿಕ್ಕಿದ್ದು ಸೊನ್ನೆ. ಯಾಕೆಂದರೆ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಮೊದಲು ಬಂದವರಿಗೆ ಆ ರಾಜ್ಯದ ಎಲ್ಲ ಪ್ರತಿನಿಧಿ ಮತಗಳೂ ಹೋಗುತ್ತವೆ. ಪೆರೋ ಎಲ್ಲ ಕಡೆ ಅಷ್ಟಷ್ಟು ಪಡೆದರು, ಎಲ್ಲಿಯೂ ಮೊದಲು ಬರಲಿಲ್ಲ.

ಈಗ 2018ರ ಕರ್ನಾಟಕ. ಜೆಡಿಎಸ್‌ಗೆ ಶೇ. 18.3 ಮತ, ಹೆಚ್ಚುಕಡಿಮೆ ಪೆರೋ ಪಡೆದಷ್ಟೇ. ಸಿಕ್ಕಿದ್ದು 37 ಸ್ಥಾನ, ಮೇಲೆ ಮುಖ್ಯಮಂತ್ರಿ ಕುರ್ಚಿ! ಆ ಮತವೆಲ್ಲ ಹಾಸನ, ಮಂಡ್ಯ, ರಾಮನಗರ, ತುಮಕೂರು, ಮೈಸೂರಿನ ಸುತ್ತ ಒತ್ತೊತ್ತಾಗಿ ಇದ್ದದ್ದೇ ಕಾರಣ. ಬೆಳಗಾವಿಯ ಕಡೆ ಠೇವಣಿ ಹೋದರೂ ಮಂಡ್ಯದಲ್ಲಿ ಮೊದಲು ಬಂದರೆ ಸಾಕು.

ಮೂರನೆಯದು ನಮ್ಮ ಈಗಿನ ಊರು. 2022ರಲ್ಲಿ ಗುಜರಾತಿನಲ್ಲಿ ಆಮ್ ಆದ್ಮಿ ಪಕ್ಷಕ್ಕೆ ಸುಮಾರು ಶೇ. 13 ಮತ ಬಂದು 5 ಸ್ಥಾನ ಸಿಕ್ಕಿತು. ಮರುವರ್ಷ ಕರ್ನಾಟಕದಲ್ಲಿ ಜೆಡಿಎಸ್‌ಗೂ ಶೇ. 13ರ ಆಸುಪಾಸು ಮತ, ಆದರೆ 19 ಸ್ಥಾನ. ಸೋತೆವು ಎಂದು ಅವರು ಅತ್ತರು, ಇಲ್ಲಿ ಐದು ಗೆದ್ದವರು ಪಟಾಕಿ ಹೊಡೆದರು.

ಕ್ಷೇತ್ರಕ್ಕೊಬ್ಬರು, ಮೊದಲು ಬಂದವರೇ ಗೆದ್ದವರು ಎಂಬ ನಿಯಮ ಇರುವ ಕಡೆ ಮೂರನೆಯವರು ಉಳಿಯಬೇಕಾದರೆ ಅವರಿಗೆ ತಮ್ಮದೇ ಒಂದು ಸೀಮೆ ಬೇಕು. ಇಲ್ಲದಿದ್ದರೆ ಜನ "ಇವರು ಹೇಗೂ ಗೆಲ್ಲಲ್ಲ, ಮತ ಯಾಕೆ ಹಾಳು ಮಾಡೋದು" ಎಂದು ಇಬ್ಬರಲ್ಲೊಬ್ಬರ ಕಡೆ ತಿರುಗುತ್ತಾರೆ. 1951ರಲ್ಲೇ ಮೊರಿಸ್ ಡ್ಯುವೆರ್ಜೆ ಎಂಬ ಫ್ರೆಂಚ್ ವಿದ್ವಾಂಸ ಇದನ್ನು ಬರೆದಿಟ್ಟಿದ್ದಾನೆ. ನಮ್ಮ ಪಕ್ಕದ ಮನೆಯ ಬೆನ್‌ಗೆ ಅವನ ಹೆಸರು ಗೊತ್ತಿಲ್ಲ, ಲೆಕ್ಕ ಮಾತ್ರ ಚೆನ್ನಾಗಿ ಗೊತ್ತು.

ಯುರೋಪಿನ ಬಹಳ ದೇಶಗಳಲ್ಲಿ ಎಣಿಸುವ ರೀತಿಯೇ ಬೇರೆ. ಬ್ರಿಟನ್ ನಮ್ಮ ಹಾಗೆಯೇ, ಅದನ್ನು ಬದಿಗಿಡಿ. ಜರ್ಮನಿಯಲ್ಲಿ ಒಂದೇ ಚೀಟಿಯಲ್ಲಿ ಎರಡು ಮತ. ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಎಂದು ತೀರ್ಮಾನವಾಗುವುದು ಎರಡನೆಯ ಮತದಿಂದ. ಶೇ. 18 ಮತ ಬಂದರೆ ಹತ್ತಿರ ಹತ್ತಿರ ಅಷ್ಟೇ ಪಾಲು ಸ್ಥಾನ. ಆದರೆ ಶೇ. 5 ದಾಟದ ಪಕ್ಷಕ್ಕೆ, ಮೂರು ಕ್ಷೇತ್ರವನ್ನಾದರೂ ನೇರವಾಗಿ ಗೆಲ್ಲದಿದ್ದರೆ, ಪ್ರವೇಶವಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಈ ಹೊಸ್ತಿಲೂ ಇಲ್ಲ. 150 ಜನರ ಸಭೆಗೆ 2021ರಲ್ಲಿ 17 ಪಕ್ಷಗಳು ಆರಿಸಿ ಬಂದವು. ಅವರು ಸರ್ಕಾರ ರಚಿಸಲು ಹತ್ತು ತಿಂಗಳ ಹತ್ತಿರ ತೆಗೆದುಕೊಂಡರು. ಬೆಲ್ಜಿಯಂನಲ್ಲಿ 2010-11ರಲ್ಲಿ 541 ದಿನ ಪೂರ್ಣ ಸರ್ಕಾರವೇ ಇರಲಿಲ್ಲ. ನ್ಯೂಜೆರ್ಸಿ ಕಡೆಯವರಿಗೆ ಇಷ್ಟು ಅಂಕ ನಾನೇ ಕೊಡುತ್ತೇನೆ.

ಆದರೆ ಎರಡೇ ಪಕ್ಷ ಇರುವಲ್ಲಿ ಸಮ್ಮಿಶ್ರ ಇಲ್ಲ ಅನ್ನುವುದು ತಪ್ಪು. ಅಮೆರಿಕದಲ್ಲಿ ಸಮ್ಮಿಶ್ರ ಚುನಾವಣೆಗೆ ಮೊದಲೇ, ಪಕ್ಷದ ಹೊಟ್ಟೆಯೊಳಗೇ ಆಗಿರುತ್ತದೆ. ಚರ್ಚಿನವರು, ವ್ಯಾಪಾರದವರು, ತೆರಿಗೆ ಬೇಡ ಅನ್ನುವವರು ಒಂದು ಕಡೆ. ಕಾರ್ಮಿಕ ಸಂಘದವರು, ಪರಿಸರದವರು, ನಗರದವರು ಇನ್ನೊಂದು ಕಡೆ. ಯುರೋಪಿನಲ್ಲಾದರೆ ಇವರೆಲ್ಲ ಬೇರೆ ಬೇರೆ ಪಕ್ಷ ಕಟ್ಟಿಕೊಂಡಿರುತ್ತಿದ್ದರು. ಅಲ್ಲಿ ಅವರ ಜಗಳವೆಲ್ಲ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ತೀರ್ಮಾನವಾಗುತ್ತದೆ. ಅದಕ್ಕೆ ಸಾಮಾನ್ಯ ಮತದಾರರೂ ಹೋಗಿ ಮತ ಹಾಕುತ್ತಾರೆ. ನಮ್ಮಲ್ಲಿ ಟಿಕೆಟ್ ಯಾರಿಗೆ ಎಂದು ಕೇಳಿದರೆ ದೆಹಲಿ ಕಡೆ ಬೆರಳು ತೋರಿಸುತ್ತೇವೆ. ಈ ಒಂದು ವಿಷಯದಲ್ಲಿ ಅಮೆರಿಕದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಪಕ್ಷದೊಳಗಿನ ಪಕ್ಷಗಳನ್ನು ಗುಜರಾತಿನಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1995ರಲ್ಲಿ 121 ಸ್ಥಾನ ಬಂದು ಕೇಶುಭಾಯಿ ಪಟೇಲರು ಮುಖ್ಯಮಂತ್ರಿಯಾದರಲ್ಲ, ಅದೇ ವರ್ಷ ಶಂಕರಸಿಂಹ ವಾಘೇಲಾ ತಮ್ಮ ಶಾಸಕರನ್ನು ಕರೆದುಕೊಂಡು ಖಜುರಾಹೋಗೆ ಹೋದರು. ಹೋದವರಿಗೆ "ಖಜೂರಿಯಾ", ಕೇಶುಭಾಯಿ ಜೊತೆ ನಿಂತವರಿಗೆ "ಹಜೂರಿಯಾ", ಎರಡೂ ಕಡೆ ಸೇರದವರಿಗೆ "ಮಜೂರಿಯಾ" ಎಂದು ಜನ ಹೆಸರಿಟ್ಟರು. ನಾನು ಕಲಿತ ಮೊದಲ ಗುಜರಾತಿ ಪದಗಳಲ್ಲಿ ಈ ಮೂರೂ ಸೇರಿವೆ! ಹೆಸರಿಗೆ ಒಂದು ಪಕ್ಷ, ಒಳಗೆ ಮೂರು. ಮುಂದೆ ವಾಘೇಲಾ ತಮ್ಮದೇ ಪಕ್ಷ ಕಟ್ಟಿ ಕಾಂಗ್ರೆಸ್ ಬೆಂಬಲದಿಂದ ಮುಖ್ಯಮಂತ್ರಿಯೂ ಆದರು. 1998ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಬಂದದ್ದು 4 ಸ್ಥಾನ. 2012ರಲ್ಲಿ ಕೇಶುಭಾಯಿ ತಾವೇ ಹೊಸ ಪಕ್ಷ ಕಟ್ಟಿದಾಗ 2. ಚಕ್ರಕ್ಕೆ ಆದದ್ದೇ ಅವರಿಗೂ ಆಯಿತು.

ಹಾಗಾಗಿ ಎಷ್ಟು ಪಕ್ಷ ಎಂದು ಕೇಳುವುದಕ್ಕಿಂತ, ಚೌಕಾಸಿ ಎಲ್ಲಿ ನಡೆಯುತ್ತದೆ, ಅದು ನಮ್ಮ ಕಣ್ಣಿಗೆ ಬೀಳುತ್ತದೆಯೇ ಎಂದು ಕೇಳಬೇಕು. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದು. ಇದಕ್ಕೆ 2018ನೇ ಇಸವಿ ಒಳ್ಳೆಯ ಉದಾಹರಣೆ.

ಜರ್ಮನಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಚುನಾವಣೆಯಾಗಿತ್ತು. ಯಾರಿಗೂ ಬಹುಮತವಿಲ್ಲ. ಆಂಗೆಲಾ ಮರ್ಕೆಲ್ ಅವರ ಪಕ್ಷ ಒಬ್ಬರ ಜೊತೆ ಮಾತಾಡಿತು, ಮುರಿಯಿತು, ಇನ್ನೊಬ್ಬರ ಜೊತೆ ಕೂತಿತು. ಕೊನೆಗೆ ಸೋಷಿಯಲ್ ಡೆಮಾಕ್ರಾಟರ ಜೊತೆ ಒಪ್ಪಂದ ಬರೆದಾಯಿತು. ಆ ಒಪ್ಪಂದವನ್ನು ಅಚ್ಚು ಹಾಕಿ, ಪಕ್ಷದ 4 ಲಕ್ಷ 60 ಸಾವಿರಕ್ಕೂ ಹೆಚ್ಚು ಸದಸ್ಯರ ಮುಂದಿಟ್ಟು, ಅಂಚೆಯಲ್ಲಿ ಮತ ಕೇಳಿದರು. ಶೇ. 66ರಷ್ಟು ಜನ ಒಪ್ಪಿದ ಮೇಲೆ, 2018ರ ಮಾರ್ಚ್‌ನಲ್ಲಿ ಸರ್ಕಾರ ಬಂತು. ಹತ್ತಿರ ಹತ್ತಿರ ಆರು ತಿಂಗಳು ಹಿಡಿಯಿತು. ಆ ಸರ್ಕಾರ 2021ರ ಚುನಾವಣೆವರೆಗೆ ಪೂರ್ತಿ ಅವಧಿ ನಡೆಯಿತು.

ಅದಾಗಿ ಎರಡು ತಿಂಗಳಿಗೆ, ಮೇ 15ರಂದು, ಕರ್ನಾಟಕದ ಫಲಿತಾಂಶ. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಎಣಿಕೆ ಮುಗಿಯುವ ಮೊದಲೇ, ಅದೇ ಮಧ್ಯಾಹ್ನ, ಕಾಂಗ್ರೆಸ್ ಮತ್ತು ಜೆಡಿಎಸ್ ಒಂದಾದವು. ಪ್ರಚಾರದಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡಿದ್ದವರು ಕೆಲವೇ ಗಂಟೆಗಳಲ್ಲಿ ಸಂಗಾತಿಗಳು. ನಡುವೆ ಯಡಿಯೂರಪ್ಪನವರು ಎರಡು ದಿನ ಮುಖ್ಯಮಂತ್ರಿಯಾಗಿ ರಾಜೀನಾಮೆ ಕೊಟ್ಟರು. ಮೇ 23ರಂದು ಕುಮಾರಸ್ವಾಮಿಯವರ ಪ್ರಮಾಣವಚನ. ಮರುವರ್ಷ ಶಾಸಕರ ರಾಜೀನಾಮೆ, ಮುಂಬಯಿಯ ಹೋಟೆಲು, ಆಮೇಲೆ 99ಕ್ಕೆ 105ರ ವಿಶ್ವಾಸಮತ. 14 ತಿಂಗಳಿಗೆ ಮುಗಿಯಿತು. ಹದಿನೇಳು ಶಾಸಕರು ಅನರ್ಹರಾದರು, 15 ಕ್ಷೇತ್ರಗಳ ಉಪಚುನಾವಣೆಯಲ್ಲಿ 12ನ್ನು ಬಿಜೆಪಿ ಗೆದ್ದಿತು. ನಾನು ಟೀವಿ ಮುಂದೆ ಕೂತು ಅಪ್ಪನಿಗೆ ಫೋನು ಮಾಡಿದರೆ ಅವರು ಕೇಳಿದ್ದು ಒಂದೇ: "ನಮ್ಮನ್ನ ಯಾರಾದರೂ ಕೇಳಿದರೇನಮ್ಮ?" ಎಂಬತ್ತು ದಾಟಿದ, ಜೀವಮಾನವಿಡೀ ಒಂದೇ ಕಡೆ ಮತ ಹಾಕಿದ ಮನುಷ್ಯ. 2006ರಲ್ಲಿ ಬಿಜೆಪಿ ಜೊತೆ ಇಪ್ಪತ್ತು ಇಪ್ಪತ್ತು ತಿಂಗಳ ಹಂಚಿಕೆ ಆದಾಗಲೂ ಕೇಳಿರಲಿಲ್ಲ, ಮುಂದಿನ ವರ್ಷ ಕುರ್ಚಿ ಬಿಟ್ಟುಕೊಡದೆ ಅದು ಮುರಿದಾಗಲೂ ಕೇಳಿರಲಿಲ್ಲ. ಜರ್ಮನಿಯ ಒಬ್ಬ ಸಾಮಾನ್ಯ ಸದಸ್ಯನಿಗೆ ಅಂಚೆಯಲ್ಲಿ ಬಂದ ಪ್ರಶ್ನೆ ನಮ್ಮಪ್ಪನಿಗೆ ಯಾವತ್ತೂ ಬರಲಿಲ್ಲ. ಅವರು ತೀರಿಕೊಂಡು ಈಗ ಮೂರು ವರ್ಷ.

ರೆಸಾರ್ಟ್ ವಿಷಯದಲ್ಲಿ ನಮ್ಮ ಎರಡೂ ರಾಜ್ಯಗಳದು ಹಳೆಯ ನಂಟು. 2017ರ ಆಗಸ್ಟ್‌ನಲ್ಲಿ ಇಲ್ಲಿಂದ ರಾಜ್ಯಸಭೆಗೆ ಅಹ್ಮದ್ ಪಟೇಲರು ನಿಂತಾಗ ಗುಜರಾತಿನ ನಲವತ್ತಕ್ಕೂ ಹೆಚ್ಚು ಕಾಂಗ್ರೆಸ್ ಶಾಸಕರನ್ನು ಕಾಪಾಡಿಕೊಳ್ಳಲು ಕಳಿಸಿದ್ದು ಎಲ್ಲಿಗೆ? ನಮ್ಮ ಬಿಡದಿಯ ಹತ್ತಿರದ ರೆಸಾರ್ಟಿಗೆ. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿ ಆ ವಾರ ಗುಜರಾತಿ ಚಾನೆಲ್ಲುಗಳಲ್ಲೆಲ್ಲ ಬಂತು. ನಮ್ಮ ಸೊಸೈಟಿಯ ಹೆಂಗಸರು, "ನಿಮ್ಮ ಊರಿಗೆ ನಮ್ಮವರು ಟೂರ್ ಹೋಗಿದ್ದಾರೆ" ಎಂದು ನನ್ನನ್ನು ರೇಗಿಸಿದರು.

ಅಚ್ಚು ಹಾಕಿದ ಒಪ್ಪಂದ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. 2021ರಲ್ಲಿ ಜರ್ಮನಿಯಲ್ಲಿ ಮೂರು ಪಕ್ಷಗಳು 170ಕ್ಕೂ ಹೆಚ್ಚು ಪುಟದ ಒಪ್ಪಂದ ಬರೆದು ಸರ್ಕಾರ ಮಾಡಿದವು. ಹಣಕಾಸಿನ ಜಗಳದಲ್ಲಿ ಕಳೆದ ನವೆಂಬರಿನಲ್ಲಿ ಮುರಿದುಬಿತ್ತು. ಆದರೆ ಜರ್ಮನರು ತಮ್ಮ ಸಂವಿಧಾನದಲ್ಲಿ ಒಂದು ಜಾಣತನ ಮಾಡಿದ್ದಾರೆ. ಸಂಸತ್ತು ಅವಿಶ್ವಾಸದಿಂದ ಚಾನ್ಸಲರನ್ನು ಇಳಿಸಬೇಕಾದರೆ, ಅದೇ ಮತದಲ್ಲಿ ಮುಂದಿನವರನ್ನು ಆರಿಸಬೇಕು. ಬೀಳಿಸಲು ಒಂದಾಗಿ ಕಟ್ಟಲು ಬೇರೆಯಾಗುವ ಹಾಗಿಲ್ಲ. 1982ರಲ್ಲಿ ಒಂದು ಸಣ್ಣ ಪಕ್ಷ ಪಕ್ಕ ಬದಲಿಸಿ ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದದ್ದು ಹೀಗೆಯೇ, ಒಂದೇ ಮತದಾನದಲ್ಲಿ.

ಎರಡು ಪಕ್ಷದ ಪದ್ಧತಿಗೂ ಅದರದೇ ಗುಣವಿದೆ. ಯಾರನ್ನು ಹೊಣೆ ಮಾಡಬೇಕು ಎಂದು ಗೊತ್ತಿರುತ್ತದೆ, ಇಳಿಸಬೇಕೆಂದರೆ ಯಾರನ್ನು ಏರಿಸಬೇಕು ಎಂದೂ ಗೊತ್ತಿರುತ್ತದೆ. ಕಷ್ಟ ಬರುವುದು ಇಬ್ಬರಲ್ಲಿ ಒಬ್ಬರು ಸೊರಗಿದಾಗ. 1985ರಲ್ಲಿ ಇಲ್ಲಿ ಕಾಂಗ್ರೆಸ್ಸಿಗೆ 182ಕ್ಕೆ 149 ಇತ್ತು, 2022ರಲ್ಲಿ ಬಿಜೆಪಿಗೆ 156. ಅಷ್ಟು ಬಂದಾಗ ಎದುರಿಗೆ ಪ್ರಶ್ನೆ ಕೇಳುವವರು ಬೆರಳೆಣಿಕೆ. ಮೂರನೆಯವರು ಇರುವಲ್ಲಿ ಕೆಲವೊಮ್ಮೆ ಅಚ್ಚರಿಗಳೂ ಆಗುತ್ತವೆ. 46 ಸಂಸದರ ಪಕ್ಷದಿಂದ ಹರದನಹಳ್ಳಿಯ ದೇವೇಗೌಡರು 1996ರಲ್ಲಿ ಪ್ರಧಾನಿಯಾದದ್ದು ಹದಿಮೂರು ಪಕ್ಷಗಳು ಸೇರಿದ್ದರಿಂದ. ಎರಡೇ ಪಕ್ಷದ ದೇಶದಲ್ಲಿ ಅದು ಕನಸು.

ಇನ್ನು ನಮ್ಮ ವೇದಿಕೆಗೆ ಹತ್ತಿರದ ವಿಷಯ, ಹೆಣ್ಣುಮಕ್ಕಳದು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 224ರಲ್ಲಿ 95 ಮಾತ್ರ. ಹೊರಗಿನ ಬೆಂಬಲದಿಂದ ನಿಂತ ಸರ್ಕಾರ, ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಆ ಸರ್ಕಾರವೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯ್ದೆ ತಂದು ಹೆಂಗಸರಿಗೆ ಶೇ. 25 ಮೀಸಲು ಇಟ್ಟಿತು. ಸಚಿವ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿದ್ದವರು. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ನೀರ್ ಸಾಬ್ ಎಂದು ಹೆಸರಾದವರು. 1987ರಲ್ಲಿ ಚುನಾವಣೆ ನಡೆದಾಗ ನಮ್ಮ ಸೋದರತ್ತೆ ಮಂಡಲ ಪಂಚಾಯತಿಗೆ ನಿಂತು ಗೆದ್ದರು. ನಿಲ್ಲಿಸಿದ್ದು ಮಾವ, ಅದು ನಿಜ. ಮೊದಲ ವರ್ಷ ಅತ್ತೆ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಎರಡನೇ ವರ್ಷ ಊರ ಬಾವಿಯ ದುಡ್ಡಿನ ಲೆಕ್ಕ ಕೇಳಿದರು. ಮನೆಯಲ್ಲಿ ಒಂದು ವಾರ ಮಾತುಕತೆ ಇರಲಿಲ್ಲ, ಆದರೆ ಬಾವಿಗೆ ಕಟ್ಟೆ ಬಂತು. ಅಂದಹಾಗೆ, ಜೆಡಿಎಸ್ ಗುರುತು ತೆನೆ ಹೊತ್ತ ಮಹಿಳೆ. ಹೊರೆ ಹೊರಲು ಹೆಂಗಸು, ಟಿಕೆಟ್ ಹಂಚಲು ಗಂಡಸು ಎಂದು ಅತ್ತೆ ಈಗಲೂ ನಗುತ್ತಾರೆ.

ಹಾಗಾದರೆ ಪಕ್ಷ ಹೆಚ್ಚಿದ್ದರೆ ನಮಗೆ ಒಳ್ಳೆಯದೇ? ಅಂಕಿ ಹಾಗೆ ಹೇಳುವುದಿಲ್ಲ. 2023ರಲ್ಲಿ ಕರ್ನಾಟಕದ 224ರಲ್ಲಿ ಗೆದ್ದ ಹೆಂಗಸರು 10. 2022ರಲ್ಲಿ ಗುಜರಾತಿನ 182ರಲ್ಲಿ 15. ನಮ್ಮ ಮೂರು ಪಕ್ಷಕ್ಕಿಂತ ಇವರ ಎರಡೇ ಮೇಲಾಯಿತು! ಕ್ಷೇತ್ರಕ್ಕೊಬ್ಬರು ಎಂದಾಗ ಎಲ್ಲ ಪಕ್ಷವೂ "ಗೆಲ್ಲುವ ಅಭ್ಯರ್ಥಿ" ಎಂದು ಗಂಡಸನ್ನೇ ಹುಡುಕುತ್ತದೆ. ಸ್ವೀಡನ್ನಿನಲ್ಲಿ ಪಕ್ಷ ಒಂದು ಪಟ್ಟಿ ಕೊಡಬೇಕು. 1994ರಲ್ಲಿ ಅಲ್ಲಿನ ಸೋಷಿಯಲ್ ಡೆಮಾಕ್ರಾಟರು ಪಟ್ಟಿಯಲ್ಲಿ ಒಂದು ಹೆಣ್ಣು, ಒಂದು ಗಂಡು ಎಂದು ಸಾಲಾಗಿ ಬರೆದರು, ಆ ಸಂಸತ್ತಿನಲ್ಲಿ ಹೆಂಗಸರು ಶೇ. 40 ದಾಟಿದರು. ಪಟ್ಟಿ ಎಲ್ಲರ ಕಣ್ಣೆದುರಿಗೆ ಇರುವುದರಿಂದ ಹೆಂಗಸರ ಹೆಸರಿಲ್ಲದಿದ್ದರೆ ಎದ್ದು ಕಾಣುತ್ತದೆ.

ಸೂರತ್‌ನಿಂದ ಬಂದವರು, "ನಮ್ಮ ಪಾಲಿಕೆಯಲ್ಲಿ ವಾರ್ಡಿಗೆ ನಾಲ್ವರು, ನಮಗೂ ನಾಲ್ಕು ಮತ, ಇದು ಯುರೋಪಿನ ಹಾಗೆಯೇ ಅಲ್ಲವೇ?" ಎಂದು ಬೆಳಿಗ್ಗೆ ಚಹಾ ಕುಡಿಯುವಾಗ ಕೇಳಿದರು. ನೋಡಲು ಹಾಗೆ, ಲೆಕ್ಕ ಹಾಗಲ್ಲ. ನಾಲ್ಕರಲ್ಲಿ ಎರಡು ಹೆಂಗಸರಿಗೆ ಮೀಸಲು, ಅದು ಒಳ್ಳೆಯದು. ಆದರೆ ಜನ ನಾಲ್ಕೂ ಮತವನ್ನು ಒಂದೇ "ಪೆನೆಲ್"ಗೆ ಹಾಕುತ್ತಾರೆ, ಮುಂದಿದ್ದ ಪಕ್ಷ ಸಾಮಾನ್ಯವಾಗಿ ನಾಲ್ಕನ್ನೂ ಗುಡಿಸಿಕೊಂಡು ಹೋಗುತ್ತದೆ. ಸೂರತ್‌ನಲ್ಲಿ 2015ರಲ್ಲಿ ಕಾಂಗ್ರೆಸ್ಸಿಗೆ 36 ಸ್ಥಾನವಿತ್ತು. 2021ರಲ್ಲಿ ಬಿಜೆಪಿ 93, ಹೊಸದಾಗಿ ಬಂದ ಆಮ್ ಆದ್ಮಿ 27, ಕಾಂಗ್ರೆಸ್ಸಿಗೆ ಒಂದೂ ಇಲ್ಲ. ಮೂರನೆಯವರು ಬಂದರು, ಆದರೆ ಎರಡನೆಯವರನ್ನು ಎಬ್ಬಿಸಿ ಅವರ ಜಾಗದಲ್ಲಿ ಕೂತರು. ನಾಲ್ಕೂ ಒಂದೇ ಪಕ್ಷಕ್ಕೆ ಹಾಕಬೇಕೆಂಬ ನಿಯಮವೇನೂ ಇಲ್ಲ. ಅದು ನನಗೇ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಸಮಾಜ ವಿಜ್ಞಾನದ ಟೀಚರ್ ಆಗಿದ್ದೂ! 2021ರಲ್ಲಿ ಮೊದಲ ಸಲ ನಾಲ್ವರ ವಿಷಯವನ್ನೂ ವಿಚಾರಿಸಿ, ಎರಡು ಪಕ್ಷಕ್ಕೆ ಹಂಚಿ ಹಾಕಿ ಬಂದೆ. ಮನೆಯವರು "ಎರಡು ಮತ ನೀರಿಗೆ ಹಾಕಿದೆ" ಅಂದರು. ಎಣಿಕೆಯ ಪ್ರಕಾರ ಅವರು ಹೇಳಿದ್ದೇ ಸರಿ.

ಮಗಳ ವಿಷಯ ಹೇಳಿ ಮುಗಿಸುತ್ತೇನೆ. ಹೋದ ವರ್ಷ ಅವಳು ಜರ್ಮನಿಯ ಪೌರತ್ವ ತೆಗೆದುಕೊಂಡಳು. ನಮ್ಮ ದೇಶದಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ, ಇಲ್ಲಿನ ಪಾಸ್‌ಪೋರ್ಟ್ ಒಪ್ಪಿಸಿದಳು. ಆ ದಿನ ನಾನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಕಳೆದ ತಿಂಗಳು 23ರಂದು ಅವಳ ಮೊದಲ ಮತದಾನ. ಎರಡು ಮತ ಸಿಕ್ಕಿತೆಂದು ಖುಷಿಯಿಂದ ಫೋಟೋ ಕಳಿಸಿದಳು, ಚೀಟಿಯದಲ್ಲ, ಶಾಲೆಯ ಬಾಗಿಲಿನದು. ರಾತ್ರಿ ಫಲಿತಾಂಶ ನೋಡಿ ಫೋನು ಮಾಡಿದಳು. ಈ ಸಲ ಎರಡು ಪಕ್ಷಗಳು ಶೇ. 5ರ ಹೊಸ್ತಿಲಲ್ಲಿ ಎಡವಿದವು. ಒಂದಕ್ಕೆ ಬಂದದ್ದು 4.3, ಇನ್ನೊಂದಕ್ಕೆ 4.98. ಯಾವುದಕ್ಕೆ ಹಾಕಿದ್ದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಅಮ್ಮಾ, ನನ್ನ ಎರಡನೇ ಮತ ತಾತನ ಚಕ್ರದ ಹಾಗಾಯಿತು" ಅಂದಳು. ಆಮೇಲೆ ಬಹಳ ಹೊತ್ತು ತಾತನ ವಿಷಯವೇ ಮಾತಾಡಿದೆವು.